ಸೂರಿನ ಸಾಲ ಕಟ್ಟುತ್ತಿರುವ ಅಕ್ಕತಂಗಿಯರಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳ ಎಲ್ಲ ಅಕ್ಕತಂಗಿಯರೇ,

ಹೋದ ತಿಂಗಳು ಕೊಡಿಗೇನಹಳ್ಳಿ ಹೋಬಳಿಯ ಒಂದು ಊರಿನಲ್ಲಿ ಸಂಘದ ಸಭೆಗೆ ಹೋಗಿದ್ದೆ. ಲೆಕ್ಕದ ಪುಸ್ತಕ ಒಮ್ಮೆ ನೋಡಿಕೊಡಿ ಎಂದು ಕರೆದಿದ್ದರು. ಸಾಲ ಯಾತಕ್ಕೆ ಎಂದು ಬರೆಯುವ ಜಾಗದಲ್ಲಿ ಹಸು, ಮೋಟಾರು, ಮಗಳ ಫೀಸು ಎಂದೆಲ್ಲ ಇತ್ತು. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ‘ಮನೆ ರಿಪೇರಿ’. ಏನು ರಿಪೇರಿ ಎಂದು ಕೇಳಿದರೆ ಎಲ್ಲರದೂ ಮನೆಯ ಮೇಲಿನದೇ ಮಾತು: ಮಾಳಿಗೆ ಇಳಿಸಿ ಮೋಲ್ಡ್ ಹಾಕಿಸುವುದು, ಹೆಂಚು ತೆಗೆದು ಶೀಟ್ ಹೊದಿಸುವುದು, ಸೋರುವ ಮೋಲ್ಡಿಗೆ ಮತ್ತೊಂದು ಸಲ ಗಾರೆ ಎಳೆಸುವುದು. ಸರಿ, ಮೇಸ್ತ್ರಿ ಯಾರು, ಚದರಕ್ಕೆ ಎಷ್ಟು ಮಾತಾಗಿದೆ, ಅಡ್ವಾನ್ಸ್ ಎಷ್ಟು ಕೊಟ್ಟಿರಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದೆಲ್ಲ ನಮ್ಮೆಜಮಾನ್ರಿಗೆ ಗೊತ್ತು ಮೇಡಮ್” ಎಂದಳು ಒಬ್ಬಳು. ವಾರವಾರ ಕಂತು ಕಟ್ಟುವವಳು ಅವಳು.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಗಾರೆ ಮೇಸ್ತ್ರಿಯ ಮಗಳು. ಅಪ್ಪ ಈ ಸೀಮೆಯಲ್ಲಿ ಬಾಳೆಲ್ಲ ಕರಣೆ ಹಿಡಿದವರು. ನಾನು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾಗಿದ್ದೇನೆ. ಅಪ್ಪನಿಂದ ಕಂಡುಕೊಂಡದ್ದು, ನನ್ನ ಮನೆ ಕಟ್ಟಿಸುವಾಗ ಪೆಟ್ಟು ತಿಂದು ಕಲಿತದ್ದು, ಎರಡನ್ನೂ ನಿಮಗೆ ಹೇಳಬೇಕಾಗಿದೆ.

ಮೊದಲು ಮಣ್ಣಿನ ಮಾಳಿಗೆಯ ವಿಚಾರ. ನಮ್ಮ ಕಡೆ ಜೀವ ತೆಗೆಯುವುದು ಹೆಚ್ಚಾಗಿ ಅದೇ. ಪಾವಗಡದ ಕಡೆ ಮಿದ್ದೆ ಎನ್ನುತ್ತಾರೆ. ಬೇವಿನದೋ ಜಾಲಿಯದೋ ತೊಲೆ, ಅದರ ಮೇಲೆ ಜಂತೆ, ಸೀಳು ಕಟ್ಟಿಗೆ, ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಚೌಳು ನೀರನ್ನು ಒಳಗೆ ಬಿಡದ ಮಣ್ಣು. ನಮ್ಮ ಹಿರಿಯರು ಅದನ್ನು ತಿಳಿದೇ ಹಾಕಿದರು. ಬೇಸಿಗೆಯಲ್ಲಿ ಮಾಳಿಗೆ ಮನೆಯ ತಂಪು ಯಾವ ಮೋಲ್ಡಿಗೂ ಇಲ್ಲ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು, ಅದನ್ನು ಹೀಗಳೆಯಲಾರೆ. ತೊಂದರೆ ಇರುವುದು ಪ್ರತಿ ವರ್ಷ ಮಳೆಗೆ ಮುಂಚೆ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸ ಚೌಳು ಸುರಿಯುವುದರಲ್ಲಿ. ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ಮಗ ಹಾಕಿದ್ದು, ಎಲ್ಲವೂ ಅಲ್ಲೇ ಇರುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮಿಡಿಗೇಶಿ ಕಡೆಯ ಒಂದು ಮನೆಗೆ ಅಪ್ಪನ ಜೊತೆ ಹೋಗಿದ್ದೆ. ಸೋರುತ್ತದೆ, ನೋಡಿ ಎಂದು ಕರೆದಿದ್ದರು. ಅಪ್ಪ ಏಣಿ ಹತ್ತಿ ಮಾಳಿಗೆಯ ನಡುವೆ ನಿಲ್ಲಲಿಲ್ಲ, ಗೋಡೆಯ ನೇರಕ್ಕೇ ಹೆಜ್ಜೆ ಇಟ್ಟು ಹೋದರು. ಮಂಡಿಯೂರಿ ಕೂತು ಒಂದು ಕಬ್ಬಿಣದ ಸಲಾಕೆಯನ್ನು ಮಣ್ಣಿಗೆ ಒತ್ತಿದರು. ಅದು ಇಳಿಯಿತು, ಇನ್ನೂ ಇಳಿಯಿತು. ಹೊರಗೆಳೆದು ಕೈಯಲ್ಲಿ ಅಳೆದಾಗ ಒಂದು ಮೊಳ. ಕೆಳಗೆ ಬಂದವರೇ ಮನೆಯವರಿಗೆ, “ಸೋರೋದು ಆಮೇಲೆ ನೋಡೋಣ, ಇವತ್ತು ರಾತ್ರಿ ಒಳಗೆ ಮಲಗಬೇಡಿ” ಎಂದರು. ಮಾರನೆಯ ದಿನ ಒಳಗೆ ತೊಲೆಗಳಿಗೆ ಕಂಬ ಕೊಟ್ಟು, ಎರಡೂ ಕಡೆಯಿಂದ ಸಮವಾಗಿ ಮಣ್ಣು ಇಳಿಸಿದರು. ಎತ್ತಿನ ಗಾಡಿ ಎಷ್ಟು ಸಲ ತಿರುಗಿತೋ ಎಣಿಸಲಿಲ್ಲ. ಭಾರ ಇಳಿಯುತ್ತ ಹೋದಂತೆ ನಡುಮನೆಯ ತೊಲೆ ಕಿರ್ರೆಂದ ಸದ್ದು ಇಂದಿಗೂ ಕಿವಿಯಲ್ಲಿದೆ.

ದೊಡ್ಡವಳಾದ ಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ. ಒಂದು ಚದರ ಎಂದರೆ 100 ಚದರಡಿ. ಅಷ್ಟಗಲಕ್ಕೆ ಒಂದು ಅಂಗುಲ ಮಣ್ಣು ಹರಡಿದರೆ ಸುಮಾರು 4 ಕ್ವಿಂಟಲ್ ತೂಗುತ್ತದೆ. ಮಳೆಗೆ ನೆನೆದರೆ ಇನ್ನೂ ಹೆಚ್ಚು. ಒಂದು ಮೊಳ ಅಂದರೆ 18 ಅಂಗುಲ, ಚದರಕ್ಕೆ 70 ಕ್ವಿಂಟಲ್ ದಾಟಿತು. ಐದು ಅಂಗುಲ ದಪ್ಪದ ಮೋಲ್ಡಿನ ತೂಕವೇ ಚದರಕ್ಕೆ ಸುಮಾರು 30 ಕ್ವಿಂಟಲ್. ಗೆದ್ದಲು ತಿಂದ ತೊಲೆಯ ಮೇಲೆ, ಮಣ್ಣಿನ ಗೋಡೆಯ ಮೇಲೆ, ಮೋಲ್ಡಿನ ಎರಡರಷ್ಟಕ್ಕಿಂತ ಹೆಚ್ಚು ಭಾರ ಹೊರಿಸಿ ಅದರ ಕೆಳಗೆ ಮಕ್ಕಳನ್ನು ಮಲಗಿಸುತ್ತಿದ್ದೇವೆ. ನಮ್ಮದು ಬರದ ಸೀಮೆ, ಮಳೆಯೇ ಇಲ್ಲ ಎಂಬ ಧೈರ್ಯ ಬೇಡ. 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಹರಿದದ್ದನ್ನು ಕೊರಟಗೆರೆ, ಮಧುಗಿರಿಯ ಹೊಳೆಸಾಲಿನವರು ಕಂಡಿದ್ದೀರಿ. ಉತ್ತರೆ, ಹಸ್ತ, ಚಿತ್ತೆ ಮಳೆ ಮೂರು ದಿನ ಬಿಡದೆ ಜಡಿ ಹಿಡಿದರೆ ಮಣ್ಣಿನ ಗೋಡೆ ಬುಡದಿಂದ ನೆನೆಯುತ್ತದೆ, ಮೇಲಿನ ಭಾರವೂ ಏರುತ್ತದೆ. ರಾತ್ರಿ ಹೊತ್ತು ಮನೆ ಕುಸಿಯುವುದು ಇಂಥ ಮಳೆಯಲ್ಲೇ.

ಅಕ್ಕತಂಗಿಯರೇ, ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಸೋರುವುದು ಬೇರೆ, ಕುಸಿಯುವುದು ಬೇರೆ. ಸೋರುವ ಸೂರನ್ನು ಬಹಳ ಸಲ ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದು. ಕುಸಿಯುವ ಸೂರು ಒಂದು ಹನಿಯೂ ಸೋರದೆ ಇರಬಹುದು. ನಾವು ಸೋರುವುದಕ್ಕೆ ಹೆದರಿ ಸಾಲ ಮಾಡುತ್ತೇವೆ, ಕುಸಿಯುವುದನ್ನು ತಲೆ ಎತ್ತಿ ನೋಡುವುದೂ ಇಲ್ಲ.

ನೋಡುವುದು ಕಷ್ಟವೇನಲ್ಲ. ತೊಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿದರೆ ನಡುವೆ ಎಷ್ಟು ಬಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಸೌದೆ ಸೀಳುವ ಮಚ್ಚಿನ ಹಿಂಬದಿಯಿಂದ ತಟ್ಟಿ. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳಿನ ಸದ್ದೇ ಬೇರೆ. ತೊಲೆ ಗೋಡೆಯೊಳಗೆ ಹೋಗುವ ಕಡೆ ಕುಡುಗೋಲಿನ ಮೊನೆಯಿಂದ ಚುಚ್ಚಿ, ಲಡ್ಡು ಹಿಡಿಯುವುದು ಅಲ್ಲೇ ಮೊದಲು. ಬೆಳಿಗ್ಗೆ ಹಾಸಿಗೆಯ ಮೇಲೆ ನುಣ್ಣನೆಯ ಪುಡಿ ಬಿದ್ದಿದ್ದರೆ, ಸರಾಗವಾಗಿ ಹಾಕುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ, ತೊಲೆ ಕೂತ ಜಾಗದಿಂದ ಕೆಳಕ್ಕೆ ಗೋಡೆ ಬಿರುಕು ಬಿಟ್ಟಿದ್ದರೆ, ಆ ಮಾಳಿಗೆ ಇಳಿಸಲೇಬೇಕು. ಅದಕ್ಕೆ ಸಾಲ ಮಾಡಿ, ತಪ್ಪಿಲ್ಲ. ಆದರೆ ಮಾಳಿಗೆ ಇಳಿಸಿದ ಮಣ್ಣಿನ ಗೋಡೆಯ ಮೇಲೇ ಮೋಲ್ಡ್ ಕೂರಿಸುತ್ತೇನೆ ಎನ್ನುವ ಮೇಸ್ತ್ರಿಯನ್ನು ಹೊಸ್ತಿಲಿಂದಲೇ ಕಳಿಸಿಬಿಡಿ. ಮೋಲ್ಡ್ ಬೇಕಾದರೆ ಪಾಯದಿಂದ ಗೋಡೆಯಾಗಬೇಕು, ಇಲ್ಲವೇ ಕಂಬ ಎದ್ದು ಅದರ ಮೇಲೆ ನಿಲ್ಲಬೇಕು. ಅಷ್ಟು ದುಡ್ಡಿಲ್ಲವಾದರೆ ಗೋಡೆ ಗಟ್ಟಿಮಾಡಿಕೊಂಡು ಹಗುರವಾದ ಶೀಟ್ ಹಾಕಿಸಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕಲ್ಲು ಚಪ್ಪಡಿ ಮನೆಯವರಿಗೆ ಒಂದು ಎಚ್ಚರಿಕೆ. ಮಧುಗಿರಿಯ ಏಕಶಿಲೆಯ ಬೆಟ್ಟದ ಬುಡದಲ್ಲಿರುವ ನಮಗೆ ಕಲ್ಲೆಂದರೆ ಬಲು ನಂಬಿಕೆ. ಕಲ್ಲು ಮೇಲಿನ ಭಾರ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಮರ ಮುರಿಯುವ ಮುಂಚೆ ಬಾಗುತ್ತದೆ, ಮೋಲ್ಡ್ ಬೀಳುವ ಮುಂಚೆ ಬಿರುಕು ತೋರಿಸುತ್ತದೆ. ಚಪ್ಪಡಿ ಮಾತ್ರ ಹೇಳದೆ ಕೇಳದೆ ಎರಡಾಗುತ್ತದೆ. ಚಪ್ಪಡಿಗಳ ಸಂದಿಯಿಂದ ನೀರು ಇಳಿದರೆ ಸಂದಿ ಕೆರೆದು ಗಾರೆ ತುಂಬಿಸಿದರೆ ಸಾಕು. ಚಪ್ಪಡಿಯ ನಡುವೆಯೇ ಅಡ್ಡಗೆರೆ ಕಂಡಿತೋ, ಆ ದಿನವೇ ಕೆಳಗೆ ಕಂಬ ನಿಲ್ಲಿಸಿ. ಅದರ ಮೇಲೆ ನೀರಿನ ಸಿಂಟೆಕ್ಸ್ ಇಡಲೇಬೇಡಿ. 1000 ಲೀಟರ್ ನೀರೆಂದರೆ 10 ಕ್ವಿಂಟಲ್.

ಹೆಂಚಿನ ಮನೆಯವರೇ, ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ಸುಮ್ಮಸುಮ್ಮನೆ ಹೆಂಚು ಇಳಿಸಬೇಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಬಯಲುಸೀಮೆಗೂ ಬಂದ ಹೆಂಚು ಅದು, ಅದಕ್ಕೂ ಹಿಂದಿನದು ನಾಡಹೆಂಚು. ಎರಡೂ ವರ್ಷಕ್ಕೊಮ್ಮೆ ಕೈಯಾಡಿಸಿದರೆ ತಲೆಮಾರುಗಟ್ಟಲೆ ಬಾಳುತ್ತವೆ. ಕೋತಿ ಒಡೆದ ಹತ್ತು ಹೆಂಚು ಬದಲಿಸುವುದಕ್ಕೂ ಮನೆಯ ಸೂರನ್ನೇ ಬದಲಿಸುವುದಕ್ಕೂ ಎಷ್ಟು ಅಂತರ! ರೀಪರ್ ಹುಳು ಹಿಡಿದಿದ್ದರೆ ರೀಪರ್ ಬದಲಿಸಿ, ಹೆಂಚು ಹಾಗೇ ಇರಲಿ. ಹೆಣ್ಣು ಕೊಡುವವರು ಮೋಲ್ಡ್ ಮನೆ ಇದೆಯಾ ಎಂದು ಕೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಹೆಂಚಿನ ಮನೆ ಕೆಡವಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೊಸೆ ಬಂದಳು, ಸಾಲದ ಕಂತು ಅವಳ ಹೆಸರಿಗೂ ಬಂತು.

ಶೀಟಿನ ಮನೆಯಲ್ಲಿ ಯುಗಾದಿ ಕಳೆದ ಮೇಲೆ ಏಳುವ ಬಿರುಗಾಳಿಯದೇ ಭಯ. ಹಾರದಿರಲಿ ಎಂದು ಮೇಲೆ ಕಲ್ಲು ಹೇರುತ್ತೀರಲ್ಲ, ಗಾಳಿಗೆ ಶೀಟ್ ಎದ್ದರೆ ಆ ಕಲ್ಲು ಬೀಳುವುದು ಮಲಗಿದವರ ಮೇಲೆ. ಕಲ್ಲು ಇಳಿಸಿ, ಅಂಚಿನ ಸಾಲಿನಲ್ಲಿ ಬೋಲ್ಟ್ ಹತ್ತಿರ ಹತ್ತಿರ ಹಾಕಿಸಿ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಒಡೆದು, ಕೊಯ್ದು ತೆಗೆಯಬೇಡಿ. ಅದರ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ.

ಇನ್ನು ಮೋಲ್ಡ್. ಇಲ್ಲಿ ನನ್ನ ಮನೆಯ ಕಥೆ ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಮಧುಗಿರಿಯಲ್ಲಿ ನಾವು ಮನೆ ಕಟ್ಟಿಸಿದೆವು. ಪರಿಚಯದವರು ಹೇಳಿದರೆಂದು ಒಬ್ಬ ಕಂಟ್ರಾಕ್ಟರಿಗೆ ಬಾಯಿಮಾತಿನಲ್ಲಿ ಒಪ್ಪಿಸಿದೆವು. ಮೋಲ್ಡ್ ಹಾಕಿದ ದಿನ ನನಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಗೃಹಪ್ರವೇಶದ ದಿನ ಎಲೆಯಡಿಕೆಯ ಜೊತೆ ಪೂರ್ತಿ ಹಣ ಕೊಟ್ಟು ಮುಗಿಸಿದೆವು. ಮೂರನೆಯ ಮಳೆಗಾಲಕ್ಕೆ ಅಡುಗೆಮನೆಯ ಮೇಲೆ ಕಂದು ಬಣ್ಣದ ಗೆರೆಗಳು ಎದ್ದವು. ಒಂದು ಮಧ್ಯಾಹ್ನ ಒಲೆಯ ಪಕ್ಕಕ್ಕೇ ತಟ್ಟೆಯಷ್ಟಗಲದ ಕಾಂಕ್ರೀಟ್ ಕಳಚಿಬಿತ್ತು. ಮೇಲೆ ನೋಡಿದರೆ ಕಂಬಿ ಬೆತ್ತಲೆ. ಕಂಬಿಯ ಕೆಳಗೆ ಬೆರಳಿನ ಉಗುರಿನಷ್ಟೂ ಸಿಮೆಂಟ್ ಇರಲಿಲ್ಲ. ಕಂಬಿಯನ್ನು ಮರದ ಹಲಗೆಯ ಮೇಲೇ ಮಲಗಿಸಿ ಮೋಲ್ಡ್ ಸುರಿದಿದ್ದರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಫೋನ್ ಮಾಡಿದರೆ ಆ ಮನುಷ್ಯ ಎತ್ತಲಿಲ್ಲ. ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ನಿಮ್ಮ ಮೋಲ್ಡಿನಲ್ಲಿ ಕೂದಲೆಳೆಯಂಥ ಬಿರುಕಿದ್ದರೆ, ಮಳೆಯಲ್ಲಿ ಒಂದು ಕಡೆ ಮಾತ್ರ ತೇವ ಕಂಡರೆ ಹೆದರಬೇಡಿ. ಬಹಳ ಸಲ ಮೇಲೆ ನೀರು ಹರಿಯಲು ವಾಟ ಸರಿಯಿಲ್ಲದೆ, ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡು, ಪ್ಯಾರಪೆಟ್ ಗೋಡೆ ಕೂಡುವ ಮೂಲೆಯಲ್ಲಿ ಗಾರೆ ಬಿಟ್ಟುಕೊಂಡು ಆಗುವ ತೊಂದರೆ ಅದು. ವಾಟ ಸರಿಪಡಿಸಿ, ಮೂಲೆ ಮುಚ್ಚಿಸಿದರೆ ನಿಲ್ಲುತ್ತದೆ. ಕಂದು ಗೆರೆ ಕಂಬಿಯ ಜಾಡಿನಲ್ಲೇ ಉದ್ದಕ್ಕೆ ಸಾಗಿದ್ದರೆ, ಕೋಲಿನಿಂದ ತಟ್ಟಿದಾಗ ಡೊಳ್ಳು ಸದ್ದು ಬಂದರೆ, ಚಾವಣಿ ನಡುವೆ ಜೋತಂತೆ ಕಂಡರೆ, ಮೇಲೆ ಎಷ್ಟು ಸಲ ಗಾರೆ ಎಳೆದರೂ ವ್ಯರ್ಥ. ಭಾರ ಇನ್ನಷ್ಟು ಏರುತ್ತದೆ, ಅಷ್ಟೇ. ಅಂಥದನ್ನು ಮೇಸ್ತ್ರಿಗಲ್ಲ, ಒಬ್ಬ ಎಂಜಿನಿಯರಿಗೆ ತೋರಿಸಿ. ಬಿಸಿಲು ವಿದ್ಯುತ್ತಿಗೆಂದು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನ ಸಿಗುತ್ತದೆಂದು ಈಗ ಎಲ್ಲರೂ ಪ್ಯಾನೆಲ್ ಮಾತಾಡುತ್ತಿದ್ದೀರಿ. ಸೂರು ಗಟ್ಟಿಯಿದೆಯೇ ಎಂದು ನೋಡದೆ ಅದಕ್ಕೆ ತೂತು ಕೊರೆಸಬೇಡಿ.

ಮೇಸ್ತ್ರಿಯನ್ನು ಆರಿಸುವುದು ಹೇಗೆ? ಹೊಸದಾಗಿ ಬಣ್ಣ ಬಳಿದ ಮನೆ ತೋರಿಸಿದರೆ ಒಪ್ಪಬೇಡಿ. ಐದು ಮಳೆಗಾಲ ಕಂಡ ಮನೆ ತೋರಿಸಪ್ಪ ಎನ್ನಿ. ಅಲ್ಲಿಗೆ ನೀವೇ ಹೋಗಿ, ಯಜಮಾನರನ್ನಲ್ಲ, ಆ ಮನೆಯ ಹೆಂಗಸನ್ನು ಕೇಳಿ. ಎಲ್ಲಿ ಪಾತ್ರೆ ಇಡುತ್ತಾರೆ, ಯಾವ ಗೋಡೆ ಒದ್ದೆಯಾಗುತ್ತದೆ ಎಂಬುದು ಅವಳಿಗೆ ಗೊತ್ತಿರುತ್ತದೆ. ಕರೆದಾಗ ಬಂದು ಸರಿಮಾಡಿಕೊಟ್ಟನೇ ಎಂದೂ ಕೇಳಿ. ವೈ.ಎನ್. ಹೊಸಕೋಟೆಯ ನೇಕಾರ ಮನೆಗಳಲ್ಲಿ ಮಗ್ಗದ ಮೇಲೆ ಒಂದು ಹನಿ ಬಿದ್ದರೂ ರೇಷ್ಮೆ ಸೀರೆ ಕೆಟ್ಟಂತೆ. ಅವರ ಸೂರು ಕಟ್ಟಿ ಹೆಸರು ಉಳಿಸಿಕೊಂಡ ಮೇಸ್ತ್ರಿಯಿದ್ದರೆ ಅವನನ್ನು ನಂಬುತ್ತೇನೆ.

ಆಮೇಲೆ ಕರಾರು. ಛಾಪಾ ಕಾಗದವೇ ಆಗಲಿ, ಬಿಳಿ ಹಾಳೆಯೇ ಆಗಲಿ, ಬರೆದು ಇಬ್ಬರೂ ಸಹಿ ಹಾಕಬೇಕು, ಪಕ್ಕದಲ್ಲಿ ಇಬ್ಬರು ಸಾಕ್ಷಿ. ಕೂಲಿ ಮಾತ್ರವೋ, ಸಾಮಾನು ಸೇರಿಯೋ? ಚದರಕ್ಕೆ ಇಷ್ಟು ಎಂದರೆ ಸಜ್ಜೆ, ಮೆಟ್ಟಿಲು, ಪ್ಯಾರಪೆಟ್ ಅಳತೆಗೆ ಸೇರುತ್ತವೋ ಇಲ್ಲವೋ? ಕೊನೆಯಲ್ಲಿ ಜಗಳ ಹುಟ್ಟುವುದೇ ಇಲ್ಲಿ, ಆದ್ದರಿಂದ ಮೊದಲೇ ಬರೆಯಿರಿ. ಮೋಲ್ಡಿನ ದಪ್ಪ ಎಷ್ಟು, ಕಂಬಿ ಎಷ್ಟು ಎಂಎಂ, ಎಷ್ಟು ಅಂತರಕ್ಕೆ ಎಂಬುದೂ ಇರಲಿ. ಹಣ ಹಂತಹಂತವಾಗಿ ಕೊಡಿ. ಬಡವರಿಗೆ ಮನೆ ಕೊಡುವ ಸರ್ಕಾರವೇ ತಳಪಾಯ, ಲಿಂಟಲ್, ಚಾವಣಿ ಎಂದು ಫೋಟೊ ನೋಡಿ ಹಣ ಬಿಡುವಾಗ ನೀವೇಕೆ ಮೊದಲೇ ಕೈ ಖಾಲಿ ಮಾಡಿಕೊಳ್ಳಬೇಕು? ಹತ್ತರಲ್ಲಿ ಒಂದು ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುತ್ತೇನೆ ಎಂದು ಮೊದಲೇ ಹೇಳಿ. ಒಳ್ಳೆಯ ಕೆಲಸಗಾರ ಒಪ್ಪುತ್ತಾನೆ. ಮೇಸ್ತ್ರಿಯ ಆಳುಗಳ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯೇ ಎಂದೂ ಕೇಳಿ. ಮೇಲಿಂದ ಬಿದ್ದರೆ ಅವರ ಹೆಂಡತಿ ಮಕ್ಕಳಿಗೆ ಆಸರೆ ಅದೇ. ಮನೆಯ ಮೇಲೆ ಕರೆಂಟಿನ ತಂತಿ ಹಾದುಹೋಗಿದ್ದರೆ ಬೆಸ್ಕಾಂನವರಿಗೆ ತಿಳಿಸದೆ ಕಂಬಿ ಎತ್ತಿಸಬೇಡಿ.

ಮೋಲ್ಡ್ ಹಾಕುವ ದಿನ ಆಳುಗಳಿಗೆ ಅಡುಗೆ ಮಾಡಿ ಬಡಿಸುವುದರಲ್ಲೇ ನಿಮ್ಮ ದಿನ ಮುಗಿಯುತ್ತದೆ. ಆ ಒಂದು ದಿನ ಅಡುಗೆಯನ್ನು ಬೇರೆಯವರಿಗೆ ಬಿಟ್ಟು ಮಿಕ್ಸರಿನ ಪಕ್ಕದಲ್ಲಿ ನಿಲ್ಲಿ. ಒಂದು ಮೂಟೆ ಸಿಮೆಂಟಿಗೆ ಒಂದೂವರೆಯಷ್ಟು ಮರಳು, ಮೂರರಷ್ಟು ಜಲ್ಲಿ, ನೀರು ಹೆಚ್ಚೆಂದರೆ 30 ಲೀಟರ್. ಸುರಿಯಲು ಸಲೀಸಾಗಲಿ ಎಂದು ಪೈಪ್ ಹಿಡಿದು ನೀರು ಬಿಡುತ್ತಾರೆ, ಮೋಲ್ಡಿನ ಶಕ್ತಿ ಆ ನೀರಿನಲ್ಲೇ ಹೋಗುತ್ತದೆ. ಕುಡಿಯಲಾಗದ ಉಪ್ಪುನೀರಿನ ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ, ಕಂಬಿಗೆ ತುಕ್ಕು ಬೇಗ ಹಿಡಿಯುತ್ತದೆ. ಮಣ್ಣು ತೊಳೆದು ಮಾಡಿದ ಫಿಲ್ಟರ್ ಮರಳನ್ನು ಮುಟ್ಟಲೇಬೇಡಿ. ಮರಳನ್ನು ಗಾಜಿನ ಲೋಟದಲ್ಲಿ ನೀರು ಹಾಕಿ ಕಲಕಿ ಬಿಟ್ಟರೆ ಮೇಲೆ ಕೂರುವ ಮಣ್ಣಿನ ಪದರ ನೂರಕ್ಕೆ 8 ಪಾಲು ಮೀರಬಾರದು. ಕಂಬಿಯ ಕೆಳಗೆ ಸಿಮೆಂಟಿನ ಬಿಲ್ಲೆ ಇಟ್ಟು ಮುಕ್ಕಾಲು ಅಂಗುಲವಾದರೂ ಎತ್ತಿದ್ದಾರೆಯೇ ಎಂದು ಬಗ್ಗಿ ನೋಡಿ. ನಮ್ಮ ಮನೆಯಲ್ಲಿ ಇಲ್ಲದೆ ಹೋದದ್ದು ಅದೇ ಬಿಲ್ಲೆ.

ನಮ್ಮ ಸೀಮೆಯ ದೊಡ್ಡ ಕಷ್ಟವೆಂದರೆ ನೀರು ಕಟ್ಟುವುದು. ಏಪ್ರಿಲ್ ಬಿಸಿಲಲ್ಲಿ ಮೋಲ್ಡ್ ಹಾಕುತ್ತೇವೆ, ಕುಡಿಯುವುದಕ್ಕೇ ಟ್ಯಾಂಕರ್ ಕಾಯುವ ಹೊತ್ತಿನಲ್ಲಿ. ಎರಡು ದಿನ ನೀರು ಚಿಮುಕಿಸಿ ಬಿಟ್ಟುಬಿಡುತ್ತೇವೆ. ಇಂಥ ಒಣ ಬಿಸಿಲಿನಲ್ಲಿ ಕನಿಷ್ಠ 10 ದಿನ ಮೋಲ್ಡ್ ಒಣಗಲು ಬಿಡಬಾರದು, 14 ದಿನವಾದರೆ ಇನ್ನೂ ಒಳ್ಳೆಯದು. ನೀರು ಕಡಿಮೆಯಿದ್ದರೆ ಹುಲ್ಲು, ಗೋಣಿಚೀಲ ಹಾಸಿ ಅದನ್ನು ಒದ್ದೆಯಾಗಿಡಿ. ಸಾಧ್ಯವಾದರೆ ಕಡಲೆಕಾಯಿ ಬಿಡಿಸಿ, ರಾಗಿ ಕಣ ಮುಗಿದ ಮೇಲೆ, ಸಂಕ್ರಾಂತಿಯ ಆಸುಪಾಸಿಗೆ ಹಾಕಿಸಿ. ಬಿಸಿಲು ಏರಿರುವುದಿಲ್ಲ, ಬಾವಿಯಲ್ಲಿ ನೀರಿರುತ್ತದೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಸೆಂಟ್ರಿಂಗ್ ಬಾಡಿಗೆ ಉಳಿಸಲು ಮೇಸ್ತ್ರಿ ನಾಲ್ಕೇ ದಿನಕ್ಕೆ ಕಂಬ ಬಿಚ್ಚಲು ಬರುತ್ತಾನೆ. ಸಣ್ಣ ಕೋಣೆಗೆ 7 ದಿನ, ಹದಿನೈದು ಅಡಿ ದಾಟಿದ ಹಾಲಿಗೆ 14 ದಿನ ಕಂಬ ಅಲ್ಲಾಡಿಸಬಾರದು.

ಮೋಸವಾದರೆ ಸುಮ್ಮನಿರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆಯೇ. ಎರಡು ವರ್ಷದೊಳಗೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಮಳೆಗೆ ಮನೆ ಬಿದ್ದರೆ ಫೋಟೊ ತೆಗೆದು ಆ ದಿನವೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ನಿಯಮದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಹೋದ ಜೀವವನ್ನು ಆ ಹಣ ತಂದುಕೊಡುವುದಿಲ್ಲ, ಅದಕ್ಕೇ ಮಳೆಗೆ ಮುಂಚೆಯೇ ನೋಡಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಂದಿನ ಸಭೆಯಲ್ಲಿ ಯಾರಾದರೂ ‘ಮನೆ ರಿಪೇರಿ’ ಎಂದು ಸಾಲ ಕೇಳಿದರೆ ನಾಲ್ಕು ಜನ ಹೋಗಿ ಆ ಮನೆಯ ತೊಲೆ, ಗೋಡೆ ನೋಡಿ ಬನ್ನಿ. ಪುಸ್ತಕದಲ್ಲಿ ಆ ಸಾಲದ ಎದುರಿಗೆ ಮೇಸ್ತ್ರಿಯ ಹೆಸರು, ಚದರದ ದರ, ಕೊಟ್ಟ ಅಡ್ವಾನ್ಸ್ ಬರೆಯಿರಿ. ಕರಾರಿನ ಒಂದು ಪ್ರತಿಯನ್ನು ಸಂಘದ ಪೆಟ್ಟಿಗೆಯಲ್ಲಿಡಿ. ಕರಾರು ಬರೆಯಲು ಬಾರದಿದ್ದರೆ ಭಾನುವಾರ ನನ್ನನ್ನು ಕರೆಯಿರಿ, ಬಂದು ಬರೆದುಕೊಡುತ್ತೇನೆ.

ಇಂತಿ ನಿಮ್ಮ,
ಮಧುಗಿರಿಯ ಒಬ್ಬ ನಿವೃತ್ತ ಶಿಕ್ಷಕಿ